ಜ್ವರ ಬಿಟ್ಟ ದಿನ

ಮನೆಯ ನೀರಿನ ಬ್ಯಾರಲ್ ಮುಚ್ಚಳ ತೆಗೆದರೆ ಸುಮಂಗಲಾಳಿಗೆ ವಾಕರಿಕೆ ಬರುತ್ತಿತ್ತು. ಮೇಲೆ ಪಾಚಿ, ಒಳಗೆ ಮಿಲಮಿಲ ಹುಳ. ಸಿಂದಗಿ ಕಡೆಯ ಆ ಹಳ್ಳಿಯಲ್ಲಿ ಕಂಡವರ ಮನೆಯ ನೀರು ಚೆಲ್ಲಿಸುವ ಆಶಾ ಕಾರ್ಯಕರ್ತೆ ಅವಳು. ಸ್ವಂತ ಮನೆಯದನ್ನು ಮುಟ್ಟಲು ಅತ್ತೆ ಬಾಳಮ್ಮ ಬಿಡುತ್ತಿರಲಿಲ್ಲ. ನಳದ ನೀರು ಬರುವುದೇ ಎಂಟು ದಿನಕ್ಕೊಮ್ಮೆಯಂತೆ.

ಈಗ ಅನುಭವಿಸಿ! ಮೈದುನ ಸಿದ್ದಲಿಂಗನಿಗೆ ಡೆಂಗಿ. ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟದ್ದೇ ತಡ, ಬಾಳಮ್ಮ ಮಗನ ತಲೆಗೆ ನೀರು ಹಾಕಿ, ಹುಗ್ಗಿ ಮಾಡಿ ಹೊಟ್ಟೆತುಂಬ ಉಣ್ಣಿಸಿದ್ದಳು. ಬಾಗೇವಾಡಿಯ ಮೀಟಿಂಗ್ ಮುಗಿಸಿ ಸುಮಂಗಲಾ ಬಂದಾಗ ಅವನು ಅದೇ ಹುಗ್ಗಿಯನ್ನು ಹಾಸಿಗೆಯ ತುಂಬ ಕಾರಿಕೊಂಡು ಬಿದ್ದಿದ್ದ. ವಾಂತಿಯಲ್ಲಿ ಕಪ್ಪನೆಯ ಗಸಿ, ಅದರ ಮೇಲೆ ನೊಣ. ಕೈಕಾಲು ತಣ್ಣಗಾಗಿದ್ದವು.

"ಏಳ್ರಿ ಅತ್ತಿ, ದವಾಖಾನಿಗಿ ಒಯ್ಯೋಣು."

"ಜ್ವರ ಬಿಟ್ಟೈತಲ್ಲ. ಹೋದ ವರ್ಷನೂ ಡೆಂಗಿ ಬಂದಿತ್ತು, ಎದ್ದ. ಈ ಸಲ ಮೈಯಾಗ ಶಕ್ತಿ ಐತಿ."

ಥೂ, ಎಂಥ ಮೊಂಡು ಹೆಂಗಸು! ಸುಮಂಗಲಾ ಪಕ್ಕದ ಮನೆಯ ಗುರಪ್ಪನ ಟಂಟಂ ಆಟೋ ಕರೆಸಿ, ಮೈದುನನನ್ನು ಎತ್ತಿ ಹಾಕಿಸಿದಳು.

ಸಿಂದಗಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಸಲೈನ್ ಏರಿಸಿ ಹೊರಗೆ ಬಂದರು. ಜ್ವರ ಬಿಟ್ಟಿದೆ, ಒಮ್ಮೆ ಬಂದು ಹೋದದ್ದಕ್ಕೆ ಮೈಯಲ್ಲಿ ಶಕ್ತಿಯಿದೆ ಎಂದು ಬಾಳಮ್ಮ ಅವರ ಮುಂದೆಯೂ ಹೇಳಿದಳು.

"ಜ್ವರ ಬಿಟ್ಟ ಮ್ಯಾಲೇನ ಇದರ ಅಪಾಯ ಇರೂದು. ಡೆಂಗಿ ನಾಕು ನಮೂನಿ ಐತಿ. ಹೋದ ಸಲದ ನಮೂನಿಗಿ ಮೈ ಕಲಿತದ್ದು ಈ ನಮೂನಿಗಿ ನಡ್ಯೂದಿಲ್ಲ, ಉಲ್ಟಾ ವೈರಸ್ಸಿಗೇ ದಾರಿ ಮಾಡಿಕೊಡ್ತೈತಿ. ಆಮ್ಯಾಲ ಮೈಯೇ ಸಿಟ್ಟಿಗೆದ್ದು ತನ್ನ ರಕ್ತನಾಳ ಸೋರೂಹಂಗ ಮಾಡ್ಕೊಂತೈತಿ. ನಾಳಿ ತನಕ ಏನೂ ಹೇಳಾಕ ಬರೂದಿಲ್ಲ. ಒಮ್ಮೆ ಬಂದ್ರ ಶಕ್ತಿ ಬರ್ತೈತಿ ಅಂತ ನಿಮಗ ಯಾರ ಹೇಳಿದ್ರು?"

ಸುಮಂಗಲಾ ಅತ್ತೆಯನ್ನು ದುರುಗುಟ್ಟಿ ನೋಡಿದಳು. ಈಗಲಾದರೂ ಈ ಮುದುಕಿಯ ಬಾಯಿ ಕಟ್ಟಲಿ ಅನಿಸಿತು.

"ಈಕೀನ ಹೇಳಿದ್ಲ್ರಿ," ಎಂದಳು ಬಾಳಮ್ಮ ಮೆಲ್ಲಗೆ. "ಹೋದ ವರ್ಷ ನಾ ಅಳಾಕತ್ತಾಗ. ಒಮ್ಮೆ ಬಂದು ಹೋತು, ಇನ್ನ ಅಂಜಬ್ಯಾಡ್ರಿ ಅತ್ತಿ, ಮೈ ಗಟ್ಟಿ ಆತು ಅಂದ್ಲು. ನಮ್ಮ ಮನ್ಯಾಗ ಕಲಿತಾಕಿ ಈಕಿ ಒಬ್ಬಾಕೀನ ಅದಾಳ."

ಹೇಳಿದ್ದು ನಿಜ. ಸಮಾಧಾನಕ್ಕೆಂದು ಬಾಯಿಗೆ ಬಂದದ್ದನ್ನು ಹೇಳಿದ್ದಳು. ಸುಮಂಗಲಾ ಹೊರಗೆ ಹೋಗಿ ನಳದಲ್ಲಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ತನ್ನ ನಾಲಿಗೆಯ ಮೇಲೇ ಹೇಸಿಗೆ ಬಂದಿತ್ತು.

ಆಗ ನೆನಪಾಯಿತು. ಓಣಿಯ ಗುಂಡವ್ವನ ಮಗಳು ಕೋಮಲಳಿಗೂ ಡೆಂಗಿ ಬಂದಿತ್ತು, ಇದು ಎರಡನೆಯ ಸಲ. ಮೊನ್ನೆ ಅಲ್ಲಿಯೂ ಅದೇ ಮಾತು ಹೇಳಿ ಬಂದಿದ್ದಳು. ಒದ್ದೆ ಕೈಯಲ್ಲೇ ಫೋನ್ ಹಚ್ಚಿದಳು.

"ಈಗ ಜ್ವರ ಬಿಡ್ತು ನೋಡವಾ," ಅಂದಳು ಗುಂಡವ್ವ ಖುಷಿಯಿಂದ. "ತಲಿಗಿ ನೀರ ಹಾಕಾಕತ್ತೇನಿ."