ಬೇಡ ಎನ್ನಲು ಬೇಕಾದ ದನಿ

ಗಾಜಿನ ಕೋಣೆಯಲ್ಲಿ ತುಕ್ಕು ಎಂಬವನು ಬೆನ್ನು ಬಾಗಿಸಿ ಕೂತಿದ್ದ. ಅವನು ಮುಟ್ಟಿದ ಲೋಹವೆಲ್ಲ ಕೆಂಪು ಪುಡಿಯಾಗಿ ಉದುರುತ್ತಿತ್ತು. ಅದಕ್ಕೇ ಈ ಗಾಜು. ಹೊರಗೆ, ನಗರ ಕಾಯುವ ದಳದ ನಾಲ್ವರು ಅವನ ಹಣೆಬರಹ ತೀರ್ಮಾನಿಸಲು ಮೇಜಿನ ಸುತ್ತ ಸೇರಿದ್ದರು.

ದಳದ ಪದ್ಧತಿ ಸರಳ. ನಾಯಕ ತೀರ್ಪು ಹೇಳುತ್ತಾನೆ. ಘಟನೆಯನ್ನು ಕಣ್ಣಾರೆ ಕಂಡವರು ಒಪ್ಪದಿದ್ದರೆ ‘ಬೇಡ’ ಎಂದು ಕೂಗಬೇಕು. ಯಾರೂ ಕೂಗದಿದ್ದರೆ ಎಲ್ಲರೂ ಒಪ್ಪಿದಂತೆ.

ಈ ಪದ್ಧತಿಯಲ್ಲಿ, ನಾಲ್ವರಲ್ಲೊಬ್ಬಳಾದ ಪಿಸು ಒಮ್ಮೆಯೂ ಗೆದ್ದವಳಲ್ಲ. ಅವಳು ದನಿ ಎತ್ತಿದರೆ ಗೋಡೆ ಬಿರಿಯುತ್ತಿತ್ತು. ಶತ್ರುಗಳೆದುರು ಆ ದನಿ ಬೇಕು. ಮನೆಯೊಳಗೆ ಮಾತ್ರ ಪಿಸುಗುಟ್ಟಿಕೊಂಡೇ ಬದುಕಬೇಕು. ಅವಳು ಸೀನಿದರೂ ಗಾಜಿನ ಲೋಟ ಒಡೆಯುತ್ತದೆಂದು ಕಲ್ಲುಮೈಯ ಬಂಡೆ ಅವಳಿಗೊಂದು ಸ್ಟೀಲ್ ಲೋಟ ತಂದಿಟ್ಟಿದ್ದ. ಯಾರೂ ಹೇಳಿರಲಿಲ್ಲ, ತಾನಾಗಿ ತಂದಿದ್ದ.

“ಬದುಕಿರೋ ತನಕ ಗಾಜಿನೊಳಗೇ ಇರ್ಲಿ,” ಎಂದ ನಾಯಕ ಕವಚ. “ಜನ ತುಂಬಿದ್ದ ಟ್ರಾಮನ್ನ ಪುಡಿ ಮಾಡಿದಾನೆ.”

“ಬಾಗಿಲು ಸಿಕ್ಕಿಹಾಕ್ಕೊಂಡಿತ್ತು ಅಣ್ಣ,” ಪಿಸು ಪಿಸುಗುಟ್ಟಿದಳು. “ಒಳಗೆಲ್ಲ ಹೊಗೆ. ಅವನು ಮುಟ್ಟಿದ್ದು ಬಾಗಿಲು ಮಾತ್ರ. ಅದಕ್ಕೂ ಮುಂಚೆ ಕಿಂಡಿಯಿಂದ ಒಳಗಿದ್ದ ಅಜ್ಜಿಗೆ ತನ್ನ ಕೋಟು ತೂರಿಸಿ, ‘ಪುಡಿ ಕಣ್ಣಿಗೆ ಬೀಳತ್ತೆ, ಹೊದ್ಕೊಳ್ಳಿ ಅಜ್ಜಿ’ ಅಂದ. ನಾನೇ ನೋಡಿದೀನಿ.”

“ಕೇಳಿಸ್ಲಿಲ್ಲ.”

“ಸೊಳ್ಳೆ ಗುಂಯ್ ಅಂದ ಹಾಗಾಯ್ತು,” ಎಂದು ಹಾರುವವನಾದ ರೆಕ್ಕೆ ನಕ್ಕ.

“ನನಗೆ ಕೇಳಿಸ್ತು,” ಎಂದ ಬಂಡೆ.

“ನೀನು ಅಲ್ಲಿರ್ಲಿಲ್ಲ, ಸುಮ್ನಿರು.” ಕವಚ ಪಿಸುವಿನತ್ತ ಬಾಗಿದ. “ಜನರನ್ನ ಬಿಡಿಸಿದ್ದು ನಾವೇ ಅಂತ ಊರಿಗೆಲ್ಲ ಹೇಳಿ ಆಗಿದೆ ಕಣಮ್ಮ. ಈಗ ಬೇಡ ಅನ್ನೋದಾದ್ರೆ ಜೋರಾಗಿ ಕೂಗು. ನಿಯಮ ಅಂದ್ರೆ ನಿಯಮ.”

ಪಿಸುವಿನ ಮೈಯೆಲ್ಲ ಉರಿಯಿತು. ದಳದ ವಿಮಾನ ಇಳಿಸಲು ಒಂದು ಕೇರಿಯನ್ನೇ ಕೆಡವುವಾಗಲೂ ಅವಳು ಬೇಡವೆಂದು ಪಿಸುಗುಟ್ಟಿದರೆ ಇವನು ಕಿವಿಗೆ ಕೈ ಇಟ್ಟು ಹೀಗೆಯೇ ‘ಕೇಳಿಸ್ಲಿಲ್ಲ’ ಎಂದಿದ್ದ. ಅವಳ ಸೌಜನ್ಯವನ್ನೇ ಅವಳ ಬಾಯಿಗೆ ಬೀಗ ಮಾಡಿಕೊಂಡಿದ್ದ. ಅವಳು ಎದ್ದು ನಿಂತಳು.

“ಎಲ್ಲರೂ ಕಣ್ಣು ಮುಚ್ಕೊಳ್ಳಿ.”

“ಏನಿದು ನಾಟಕ?” ಎಂದ ಕವಚ.

ಅವಳು ಗಾಜಿನ ಹತ್ತಿರ ಹೋಗಿ, ತನ್ನ ಮೇಲಂಗಿಯನ್ನು ತಲೆಯ ಮೇಲೆಳೆದು ತುಕ್ಕುವಿಗೆ ತೋರಿಸಿದಳು. ಅವನಿಗೆ ಅರ್ಥವಾಯಿತು. ಅಂಗಿ ಎಳೆದು ತಲೆ ಮುಚ್ಚಿಕೊಂಡು ಮೂಲೆಗೆ ಮುಖ ಮಾಡಿ ಕುಕ್ಕರಿಸಿದ. ನಗುತ್ತಿದ್ದ ರೆಕ್ಕೆ ಬಂಡೆಯ ಬೆನ್ನ ಹಿಂದೆ ಅವಿತುಕೊಂಡ. ಬಂಡೆ ಅವನನ್ನು ತಳ್ಳಲಿಲ್ಲ.

“ಬೇಡ!”

ಕಿಟಕಿಗಳು, ದೀಪಗಳು, ಕವಚನ ಶಿರಸ್ತ್ರಾಣದ ಮುಖಗಾಜು, ಆ ಗಾಜಿನ ಕೋಣೆ, ಎಲ್ಲವೂ ಒಮ್ಮೆಲೇ ಚೂರಾಗಿ ಸುರಿದವು. ಮೇಜು ನಡುವೆ ಸೀಳಿತು. ಅವಳ ಸ್ಟೀಲ್ ಲೋಟ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು.

“ಈಗ ಕೇಳಿಸ್ತಾ ಅಣ್ಣ?”

ಕವಚ ಹೌದೆಂದು ತಲೆ ಆಡಿಸಿದ.

ತುಕ್ಕು ಅಂಗಿ ಕೊಡವಿಕೊಂಡು, ಹೊರಹೋಗುವ ಉಕ್ಕಿನ ಬಾಗಿಲ ಮುಂದೆ ನಿಂತ. ಮುಟ್ಟಲು ಹಿಂಜರಿದ. ಬಂಡೆ ಹೋಗಿ ಬಾಗಿಲು ತೆರೆದು ಹಿಡಿದ. “ಹೋಗಪ್ಪಾ. ಕಾಲ ಕೆಳಗೆ ಚೂರಿದೆ, ನೋಡ್ಕೊಂಡು.”

ಪಿಸು ಲೋಟ ಎತ್ತಿಕೊಂಡು, ಸೀಳಿದ ಮೇಜಿನ ತನ್ನ ಪಾಲಿನ ಮುಂದೆ ಕೂತಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇನ್ನು ಆ ಕೇರಿ ವಿಷಯ ತೆಗೀರಿ,” ಎಂದಳು ಪಿಸುದನಿಯಲ್ಲೇ.

ಎಲ್ಲರಿಗೂ ಕೇಳಿಸಿತು.