ಹಾಲುಕೋಣೆಯ ಒಳಗು

ಹಟ್ಟಿಯ ಮನೆಗಳಲ್ಲಿ ಹಾಲುಕೋಣೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಎಮ್ಮೆ ಕರೆಯುವುದು, ಮೊಸರು ಕಡೆಯುವುದು, ಹಾಲು ಹೊರಗೆ ಕೊಡುವುದು ಎಲ್ಲ ಗಂಡಸರದೇ. ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಆ ಕೋಣೆಯ ಒಳಗು ಹೇಗಿದೆಯೆಂದು ಮಿಚ್ಚಿ ಕಂಡವಳಲ್ಲ.

ಮಗಳು ಲಿಂಗಿಗೆ ದಡಾರ ಎದ್ದಾಗ ಮಾವ ಹಾಲಗೌಡರು ಹಾಲು ಬೆಣ್ಣೆ ನಿಲ್ಲಿಸಿದರು. ಅಮ್ಮ ಮೈಮೇಲೆ ಬಂದ ಮಗು ಕುಡಿದರೆ ಎಮ್ಮೆಗಳು ಬತ್ತುತ್ತವಂತೆ. ದಡಾರ ಇಳಿಯಿತು, ಹಾಲು ಮಾತ್ರ ಹೊರಗೆ ಬರಲಿಲ್ಲ. ಬರೀ ಸಾಮೆಗಂಜಿಯಲ್ಲಿ ಮಗು ಸೊರಗಿತು. ಸಂಜೆಯಾದರೆ ಹೊಸಿಲು ಎಡವತೊಡಗಿತು.

"ಒಂದು ಲೋಟ ಕೊಡಿ ಮಾವ" ಎಂದು ಮಿಚ್ಚಿ ಕೋಣೆಯ ಬಾಗಿಲಲ್ಲಿ ನಿಂತು ಬೇಡಿದಳು.

"ಹೆತ್ತೆ ದೇವಿಯ ಹಬ್ಬ ಕಳೆಯಲಿ, ಮಗಳೇ" ಎಂದರು ಅವರು. ಮೊಮ್ಮಗಳೆಂದರೆ ಅವರಿಗೂ ಜೀವವೇ.

ಹಬ್ಬ ಕಳೆಯುವಷ್ಟರಲ್ಲಿ ಲಿಂಗಿಯ ಎರಡೂ ಕಣ್ಣಿಗೆ ಬಿಳಿ ಪೊರೆ ಕಟ್ಟಿತ್ತು. ಊಟಿಯ ಇಂಗ್ಲಿಷ್ ದೊರೆ ಡಾಕ್ಟರು ಮಗುವಿನ ರೆಪ್ಪೆ ಎತ್ತಿ ನೋಡಿದರು, ಕಡ್ಡಿಯಂಥ ತೋಳು ಹಿಡಿದು ನೋಡಿದರು.

"ಹಾಲು ಕೊಡುತ್ತಿರಲಿಲ್ಲವೇ? ಮೈ ಹಸಿದರೆ ಮೊದಲು ಕಣ್ಣು ಹೋಗುತ್ತದೆ. ಇನ್ನು ಜೀವವನ್ನಾದರೂ ಉಳಿಸಿಕೊಳ್ಳಿ."

ದಾರಿಯುದ್ದಕ್ಕೂ ಹಾಲಗೌಡರು ಮಗುವನ್ನು ತಾವೇ ಹೆಗಲಿಗೆ ಹಾಕಿಕೊಂಡು ನಡೆದರು. ಮನೆಗೆ ಬಂದವರೇ ದೀಪ ಹಚ್ಚಿದರು, ಮೊಮ್ಮಗಳ ಕೈ ಹಿಡಿದು ನೇರ ಹಾಲುಕೋಣೆಯೊಳಗೆ ಕರೆದುಕೊಂಡು ಹೋದರು. ಮಿಚ್ಚಿ ಹೊಸಿಲಾಚೆಯೇ ನಿಂತಳು.

ತುಟಿಗೆಲ್ಲ ಹಾಲು ಮೆತ್ತಿಕೊಂಡು ಹೊರಗೆ ಬಂದ ಲಿಂಗಿ ತಾಯಿಯ ಸೆರಗನ್ನು ತಡಕಿ ಹಿಡಿದಳು.

"ಒಳಗೆ ನೋಡುವಂಥದ್ದು ಏನೂ ಇಲ್ಲ, ಅವ್ವೆ. ಬರೀ ಕತ್ತಲೆ."

ಹಿಂದೆ ನಿಂತಿದ್ದ ಅಜ್ಜನ ಕೈಯಲ್ಲಿ ದೀಪ ಉರಿಯುತ್ತಲೇ ಇತ್ತು.