ಪರಿಮಳ ಕೊನೆಗೆ

ಆ ಬೀದಿಯ ಹನ್ನೊಂದು ಮನೆಗಳ ಹಂಚು ನೋಡಿದರೆ ಯಾರೇ ಆದರೂ ಮೂಗು ಮುರಿಯಬೇಕು, ಹಾಗಿತ್ತು. ಕೆಂಪು ಹಂಚು ಕಪ್ಪಾಗಿ, ಕಪ್ಪಿನ ಮೇಲೆ ಹಸಿರು ಪಾಚಿ ಬೆರಳುದ್ದ ಬೆಳೆದು ನಿಂತಿತ್ತು. ಹಾಗಂತ ಅಲ್ಲಿಯವರು ಸೋಮಾರಿಗಳೇನಲ್ಲ. ಎರಡು ವರ್ಷದ ಹಿಂದೆ ಯಾರೋ ಹೊರಗಿನವರು ಬಂದು ಒಂದು ಸೂರಿಗೆ ಬ್ಲೀಚ್ ನೀರು ಹೊಡೆದು ಹೋಗಿದ್ದರು. ಆ ಘಾಟಿಗೆ ಅದೇ ಬೀದಿಯ ಮುದಿ ಮೇಷ್ಟ್ರಿಗೆ ಉಸಿರು ಸಿಕ್ಕಿಕೊಂಡು ಹನ್ನೆರಡು ದಿನ ಆಸ್ಪತ್ರೆ ಸೇರಬೇಕಾಯಿತು. ಬೀದಿಯಲ್ಲಿ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡು ಮಗ್ಗಿ ಕಲಿತವರು. ಸೂರು ಹಾಳಾಗಿ ಹೋಗಲಿ, ಮೇಷ್ಟ್ರು ನೆಟ್ಟಗಿದ್ದರೆ ಸಾಕು ಎಂದು ಅಂದಿನಿಂದ ಯಾರೂ ಏಣಿ ಹಾಕಿಸಿರಲಿಲ್ಲ.

ಈಗ ಗಡಿಯಾರ ರಿಪೇರಿಯವರ ಮನೆ ಸೋರತೊಡಗಿತ್ತು. ಪಾಚಿ ಹಂಚನ್ನು ಎತ್ತಿ ಹಿಡಿದು, ಮಳೆ ನೀರು ಸೀದಾ ಅವರ ಕೆಲಸದ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರ ಎದುರು ಮನೆಯೇ ಮೇಷ್ಟ್ರದ್ದು. ಕೊನೆಗೆ ಮೇಷ್ಟ್ರೇ ಅಪ್ಪಣೆ ಕೊಟ್ಟರು.

"ನನ್ನೊಬ್ಬನ ಉಸಿರಿಗೆ ಊರಿನ ಸೂರೆಲ್ಲ ಸೋರಬೇಕೇನ್ರಯ್ಯಾ? ತೊಳೆಸಿ. ಘಾಟು ಬಂದ ತಕ್ಷಣ ನಾನೇ ಕಿಟಕಿ ಹಾಕ್ಕೊಂಡು ಹಿಂದಿನ ರೂಮಿಗೆ ಹೋಗ್ತೀನಿ. ಕಣ್ಣು ಕಿವಿ ಕೈಕೊಟ್ಟಿರಬಹುದು, ಮೂಗು ಇನ್ನೂ ಗಟ್ಟಿಯಾಗಿದೆ."

ಬೆಳಿಗ್ಗೆಯಿಂದಲೇ ಕಿಟಕಿ ಮುಚ್ಚಿರಿ ಎಂದರೆ ಅವರು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಅವರಿಗೆ ಬೇರೆ ಥರ ಉಸಿರು ಕಟ್ಟುತ್ತಿತ್ತು. ಈ ಕೆಲಸಕ್ಕೆ ಯಾರನ್ನು ಕರೆಯಬೇಕೆಂಬ ಪ್ರಶ್ನೆ ಬಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, ಹಂಚಮ್ಮ.

ಹಂಚಮ್ಮನಿಗೆ ಅರವತ್ತೆರಡು. ಮೂವತ್ತು ವರ್ಷದಿಂದ ಊರಿನ ಸೂರುಗಳ ಮೇಲೆ ಓಡಾಡಿದವರು. ಹಂಚಿನ ಮೇಲೆ ಹಂಚು ಕೂತಿರುವ ಜಾಗದಲ್ಲೇ ಕಾಲಿಡುತ್ತಿದ್ದರು, ಒಂದು ಹಂಚು ಮುರಿದದ್ದನ್ನು ಕಂಡವರಿಲ್ಲ. ಅಳಿಯ ಕೆಳಗೆ ಡ್ರಮ್ಮು, ಪಂಪು ನೋಡಿಕೊಳ್ಳುತ್ತಿದ್ದ.

ಈ ಅಳಿಯನ ಕಥೆಯೂ ಸ್ವಲ್ಪ ಹೇಳಬೇಕು. ಹದಿನಾಲ್ಕು ವರ್ಷ ಒಂದು ಸೆಂಟಿನಂಗಡಿಯಲ್ಲಿದ್ದವನು. ಕಣ್ಣು ಕಟ್ಟಿ ಬಿಟ್ಟರೆ ಮೂಸಿಯೇ ಯಾವ ಸೀಸೆ ಎಂದು ಹೇಳುವಂಥ ಮೂಗು. ಅಂಗಡಿ ಮುಚ್ಚಿದ ಮೇಲೆ ಮೂರು ವರ್ಷದ ಹಿಂದೆ ಅತ್ತೆಯ ಜೊತೆ ಸೇರಿದ್ದ. ಬ್ಲೀಚಿನ ಘಾಟು ಮರೆಸಲು ಅವನು ಮನೆಯಲ್ಲೇ ಪರಿಮಳ ಕೂಡಿಸುತ್ತಿದ್ದ. ಹೊಸ ಸೀಸೆ ತಯಾರಾದಾಗಲೆಲ್ಲ ಮೊದಲು ಅತ್ತೆಗೆ. ಅವರು ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡು, "ಚೆನ್ನಾಗಿದೆ" ಎನ್ನುತ್ತಿದ್ದರು. ಅದೊಂದು ಮಾತಿನಲ್ಲಿ ಅವನಿಗೆ ವಾರವಿಡೀ ಹೊಟ್ಟೆ ತುಂಬಿರುತ್ತಿತ್ತು. ಪಾಪ, ಅಂಗಡಿ ಹೋದ ಮೇಲೆ ಅವನ ಮೂಗಿಗೆ ಬೆಲೆ ಕೊಟ್ಟವರು ಅವರೊಬ್ಬರೇ.

ಆದರೆ ಒಂದು ವಿಷಯದಲ್ಲಿ ಅತ್ತೆ ಕಲ್ಲು. ಪರಿಮಳ ಕೊನೆಗೆ. ಮೊದಲು ಬರೀ ಬ್ಲೀಚ್, ಸೋಪು. ಇಪ್ಪತ್ತು ನಿಮಿಷ ಕಾಯುವುದು. ಮೂರು ಸಲ ನೀರು. ಆ ಮೂರನೆಯ ನೀರಿಗಷ್ಟೇ ಪರಿಮಳ.

"ಮೊದಲು ಹಾಕಿದರೂ ಪರಿಮಳವೇ, ಕೊನೆಗೆ ಹಾಕಿದರೂ ಪರಿಮಳವೇ ಅಲ್ವಾ ಅತ್ತೆ? ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ."

"ನೀವು ಎರಡೂ ಹೌದು ಅಳಿಯಂದ್ರೇ, ಅದಕ್ಕೇ ಸುಮ್ಮನಿದೀನಿ. ಕೊನೆಗೇ ಹಾಕಿ." ಬೈಯುವಾಗಲೂ ಬಹುವಚನ ಬಿಟ್ಟವರಲ್ಲ. ಕಾರಣ ಕೇಳಿದರೆ ಮಾತ್ರ ಏಣಿ ಹತ್ತಿಬಿಡುತ್ತಿದ್ದರು.

ಆ ದಿನ ಹೊರಡುವಾಗ ಅವರು ಎಂದೂ ಆಡದ ಮಾತಾಡಿದರು. "ಹುಷಾರು ಅಳಿಯಂದ್ರೇ. ಮೇಷ್ಟ್ರಿಗೆ ಏನಾದ್ರೂ ಆದ್ರೆ ನಾನು ಮತ್ತೆ ಏಣಿ ಮುಟ್ಟೋಳಲ್ಲ."

ಕೆಲಸ ಶುರುವಾಯಿತು. ಹಂಚಮ್ಮ ಕೆಳಗಿನ ಹೂಕುಂಡಗಳಿಗೆಲ್ಲ ಮೊದಲು ಒಳ್ಳೆಯ ನೀರು ಕುಡಿಸಿ, ಮೇಲೆ ಹಾಳೆ ಹೊದಿಸಿದರು. ಸೊಂಟಕ್ಕೆ ಹಗ್ಗ ಬಿಗಿದು ಮೇಲೆ ಹೋದರು. ಗಾಳಿ ಬೀದಿಯಿಂದ ಹಿತ್ತಲ ಕಡೆಗೆ ಬೀಸುತ್ತಿತ್ತು. ಎದುರು ಕಿಟಕಿಯಲ್ಲಿ ಮೇಷ್ಟ್ರು ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು.

ಅಳಿಯ ಡ್ರಮ್ಮಿನ ಮುಂದೆ ನಿಂತು ಯೋಚಿಸಿದ. ಅವನ ಯೋಚನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ಒಪ್ಪಬೇಕು. ಘಾಟೇ ಬರದಿದ್ದರೆ ಮೇಷ್ಟ್ರಿಗೆ ಕಿಟಕಿ ಹಾಕುವ ತಾಪತ್ರಯವೂ ಇಲ್ಲ, ಹಿಂದಿನ ಕತ್ತಲೆ ಕೋಣೆಯೂ ಇಲ್ಲ. ಜೇಬಿನಲ್ಲಿ ಕಿತ್ತಳೆ ಸಿಪ್ಪೆಯ ಹೊಸ ಸೀಸೆ ಇತ್ತು, ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಕೂಡಿಬಂದದ್ದು. ಮೇಲೆ ನೋಡಿದ. ಅತ್ತೆ ಬೆನ್ನು ಹಾಕಿದ್ದರು. ಇಡೀ ಸೀಸೆಯನ್ನು ಬ್ಲೀಚಿನ ಡ್ರಮ್ಮಿಗೆ ಸುರಿದ.

ಪಂಪು ಗುಟುರು ಹಾಕಿತು. ಹಂಚಿನ ಮೇಲೆ ಬಿಳಿ ನೊರೆ ಇಳಿಯತೊಡಗಿತು. ಐದು ನಿಮಿಷ, ಹತ್ತು ನಿಮಿಷ. ಗಡಿಯಾರದವರು ಬಾಗಿಲಿಗೆ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಅರೆರೆ! ಇದೇನ್ರೀ ಇದು, ಘಾಟೇ ಇಲ್ಲ!"

ಪಕ್ಕದ ಮನೆಯವರು ಬಂದರು, ಅದರಾಚೆಯವರೂ ಬಂದರು. ಎಲ್ಲರೂ ಮೂಗರಳಿಸಿಕೊಂಡು ನಗುತ್ತ ನಿಂತರು. ಹೆಮ್ಮೆಗೆ ಅಳಿಯನ ಕಾಲು ನೆಲದ ಮೇಲಿರಲಿಲ್ಲ.

"ಪಂಪ್ ನಿಲ್ಸೋ!"

ಮೇಲಿಂದ ಬಂದ ಕೂಗಿಗೆ ಅವನು ಬೆಚ್ಚಿ ತಲೆಯೆತ್ತಿದ. ಅಳಿಯನಾದಾಗಿನಿಂದ ಅತ್ತೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಪಂಪು ನಿಲ್ಲಿಸುವಷ್ಟರಲ್ಲಿ ಅವರು ಹಗ್ಗ ಬಿಚ್ಚಿ ಏಣಿಯಿಂದ ಜಾರಿದಂತೆ ಇಳಿದು, ಬೀದಿ ದಾಟಿ ಮೇಷ್ಟ್ರ ಮನೆ ಹೊಕ್ಕಾಗಿತ್ತು. ಅವನೂ ಹಿಂದೆಯೇ ಓಡಿದ.

ಮೇಷ್ಟ್ರು ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿ ಕೂತಿದ್ದರು. "ಬಾಮ್ಮಾ, ಎಂಥಾ ಪರಿಮಳ! ಕಿತ್ತಳೆ ತೋಟದಲ್ಲಿ..." ಎನ್ನುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಬಿಡುವಿಲ್ಲದ ಕೆಮ್ಮು. ತುಟಿ ಬಣ್ಣಗೆಟ್ಟಿತು. ಹಂಚಮ್ಮ ಕಿಟಕಿ ಧಡಾರನೆ ಮುಚ್ಚಿ, ಅವರನ್ನು ತೋಳಲ್ಲಿ ಆತುಕೊಂಡು ಹಿಂದಿನ ಕೋಣೆಗೆ ನಡೆಸಿದರು. ಹಿತ್ತಲ ಕಿಟಕಿ ತೆರೆದು, ಉಸಿರಿನ ಪಂಪನ್ನು ಅವರ ಬಾಯಿಗಿಟ್ಟು, ಮಗುವಿಗೆ ಹೇಳುವ ಹಾಗೆ, "ನಿಧಾನ, ನಿಧಾನ ಮೇಷ್ಟ್ರೇ" ಎನ್ನುತ್ತ ಬೆನ್ನು ನೀವಿದರು. ಅಳಿಯ ಬಾಗಿಲಲ್ಲಿ ನಿಂತಿದ್ದ.

ಕಾಲು ಗಂಟೆಯ ಮೇಲೆ ಕೆಮ್ಮು ಇಳಿಯಿತು. ಮೇಷ್ಟ್ರು ಕಣ್ಣೊರೆಸಿಕೊಂಡು, "ಘಾಟು ಬರಲೇ ಇಲ್ಲವಲ್ಲಮ್ಮಾ, ಹೇಗೆ ತಿಳೀಬೇಕಿತ್ತು ನಂಗೆ?" ಎಂದರು. ಆ ಮಾತು ಅಳಿಯನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಹೊರಗೆ ಬಂದ ಮೇಲೆ ಹಂಚಮ್ಮ ಕೇಳಿದರು. "ಎಷ್ಟು ಹಾಕಿದ್ರಿ?"

"ಇಡೀ ಸೀಸೆ." ಅವನು ತಲೆ ತಗ್ಗಿಸಿದ. "ತಪ್ಪಾಯ್ತು ಅತ್ತೆ. ಆದ್ರೆ ಬೀದಿಗೆಲ್ಲ ಹರಡಿತ್ತು ಪರಿಮಳ. ಮೇಲಿದ್ದ ನಿಮಗೆ ಹತ್ತು ನಿಮಿಷ ಗೊತ್ತೇ ಆಗ್ಲಿಲ್ವಾ?"

ಅವರು ಕೈಗವಸಿನ ನೀರು ಹಿಂಡಿದರು.

"ಆರು ವರ್ಷದ ಹಿಂದೆ ಒಂದು ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಮೂಗನ್ನೂ ಜೊತೇಲಿ ಕರ್ಕೊಂಡು ಹೋಯ್ತು. ಘಾಟೂ ಇಲ್ಲ, ಪರಿಮಳಾನೂ ಇಲ್ಲ. ನಿಮ್ಮ ಹೆಂಡ್ತಿಗೂ ಹೇಳಿಲ್ಲ. ಹೇಳಿದ್ರೆ ಏಣಿ ಕಿತ್ಕೊಳ್ತಾಳೆ."

"ಮತ್ತೆ ಕೆಲಸ ಹೇಗೆ ಮಾಡ್ತೀರಿ?"

"ಕಿಟಕಿ ನೋಡ್ಕೊಂಡು. ಬ್ಲೀಚ್ ಹೊಡೆದ್ರೆ ಗಾಳಿ ಹೋದ ಕಡೆ ಕಿಟಕಿ ಪಟಪಟ ಮುಚ್ಚಬೇಕು. ಘಾಟು ಹೋದ್ಮೇಲೆ ಒಂದೊಂದೇ ತೆರೀಬೇಕು. ಇವತ್ತು ಗಾಳಿ ತಿರುಗ್ತು, ಒಣಹಾಕಿದ ಬಟ್ಟೆಯೆಲ್ಲ ಮೇಷ್ಟ್ರ ಮನೆ ಕಡೆ ಹಾರ್ತಿತ್ತು. ಆದ್ರೂ ಒಂದು ಕಿಟಕೀನೂ ಮುಚ್ಚಲಿಲ್ಲ. ಜನ ಬೇರೆ ಬಾಗಿಲಿಗೆ ಬಂದು ನಗ್ತಾ ನಿಂತಿದ್ರು. ಬ್ಲೀಚಿಗೆ ಯಾರು ನಗ್ತಾರೆ ಅಳಿಯಂದ್ರೇ? ಘಾಟು ಅಂದ್ರೆ ಕೂಗಿ ಹೇಳಿ ಬರೋ ಕಳ್ಳ. ನೀವು ಅವನ ಬಾಯಿಗೆ ಬಟ್ಟೆ ತುರುಕಿದ್ರಿ."

ಅಳಿಯ ಬಾಯಿಬಿಟ್ಟು ನೋಡಿದ. ಇಷ್ಟು ದಿನ ತನ್ನ ಮೂಗಿನ ನೇರಕ್ಕೇ ಲೋಕವನ್ನೆಲ್ಲ ಅಳೆದವನು. ಮೂಗೇ ಇಲ್ಲದ ಈ ಹೆಂಗಸು ಅಷ್ಟೆತ್ತರದಲ್ಲಿ, ಜಾರುವ ಹಂಚಿನ ಮೇಲೆ ನಿಂತು, ಇಡೀ ಬೀದಿಯ ಮೂಗುಗಳನ್ನು ಕಾಯುತ್ತಿದ್ದಾರೆ! ಆಮೇಲೆ ಇನ್ನೊಂದು ನೆನಪಾಗಿ ಅವನ ಮುಖ ಬಾಡಿತು.

"ಹಾಗಾದ್ರೆ ನನ್ನ ಸೀಸೆಗಳು? ಕಣ್ಣು ಮುಚ್ಚಿ ಮೂಸಿ, ಚೆನ್ನಾಗಿದೆ ಅಂತಿದ್ರಲ್ಲ?"

"ಕಣ್ಣು ಮುಚ್ಚೋ ಮೊದ್ಲೇ ನಿಮ್ಮ ಮುಖ ನೋಡಿರ್ತಿದ್ದೆ. ಚೆನ್ನಾಗಿ ಬಂದ ದಿನ ಸೀಸೆನ ಎರಡು ಕೈಲೂ ಹಿಡ್ಕೊಂಡು ತರ್ತೀರಿ. ಬರದಿದ್ದ ದಿನ ಒಂದೇ ಕೈ. ಯಾವತ್ತಾದ್ರೂ ತಪ್ಪು ಹೇಳಿದೀನಾ?"

ತಪ್ಪು ಹೇಳಿರಲಿಲ್ಲ. ಒಂದೇ ಒಂದು ಸಲ "ಇನ್ನೊಮ್ಮೆ ನೋಡಿ" ಎಂದಿದ್ದರು, ಅದು ನಿಜಕ್ಕೂ ಕೆಟ್ಟಿತ್ತು.

ಡ್ರಮ್ಮು ಬದಲಾಯಿಸಿ, ನೊರೆಯೆಲ್ಲ ತೊಳೆದು, ಗಾಳಿ ಮತ್ತೆ ಹಿತ್ತಲಿಗೆ ತಿರುಗುವವರೆಗೆ ಕಾದು, ಅವರು ಹೊಸದಾಗಿ ಶುರುಮಾಡಿದರು. ಅದಕ್ಕೆ ಮೊದಲು ಹಂಚಮ್ಮ ಮನೆ ಮನೆಗೆ ಹೋಗಿ ತಪ್ಪು ತಮ್ಮದೇ ಎಂದು ಹೇಳಿ ಬಂದರು, ಅಳಿಯನ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಹಿಂದಿನ ಕೋಣೆಯಲ್ಲೇ ಉಳಿದರು. ಬರೀ ಬ್ಲೀಚಿನ ಘಾಟು ಎದ್ದಿತು. ಬೀದಿಯ ಕಿಟಕಿಗಳು ಪಟಪಟನೆ ಮುಚ್ಚಿದವು. ಅಳಿಯನಿಗೆ ಕಣ್ಣಲ್ಲಿ ನೀರು ಬಂತು, ಘಾಟಿಗೂ ಬಂತು, ಬೇರೆ ಕಾರಣಕ್ಕೂ ಬಂತು.

ಮೊದಲನೆಯ ನೀರು, ಎರಡನೆಯ ನೀರು. ಪಾಚಿ ಹೋಗಿ ಹಂಚು ಭಟ್ಟಿಯಿಂದ ಆಗಷ್ಟೇ ತೆಗೆದಂತೆ ಕೆಂಪಗಾಯಿತು. ಮೇಲಿಂದ ಹಂಚಮ್ಮ ಕೂಗಿದರು, ಈ ಸಲ ಮೆತ್ತಗೆ.

"ಈಗ ಹಾಕು ಮಗಾ."

ಅವನ ಹತ್ತಿರ ಪೆಟ್ಟಿಗೆಯಲ್ಲಿ ಅದೇ ಪರಿಮಳದ ಇನ್ನೊಂದು ಸೀಸೆ ಇತ್ತು. ಒಂದು ಮುಚ್ಚಳದಷ್ಟು ಹಾಕಿದ, ಸಾಕಾಯಿತು.

ಕೆಲಸ ಮುಗಿಸಿ ಇಳಿದು ಬಂದ ಅತ್ತೆಯ ಪಕ್ಕದಲ್ಲಿ ಅವನೂ ನಿಂತು ಕಿಟಕಿ ನೋಡಿದ. ಮೂಲೆ ಮನೆಯದು ತೆರೆಯಿತು. ಅದರ ಪಕ್ಕದ್ದು ತೆರೆಯಿತು. ಒಂದೊಂದಾಗಿ ಎಲ್ಲ ತೆರೆದವು, ಮೇಷ್ಟ್ರದೊಂದು ಬಿಟ್ಟು. ಹಂಚಮ್ಮ ಕದಲಲಿಲ್ಲ. ಅವರ ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಆ ಕಿಟಕಿಯೂ ಒಂದು ಗೇಣು ಸರಿಯಿತು. ಮೇಷ್ಟ್ರ ಮೂಗು ಮೊದಲು ಹೊರಬಂತು. ಪರೀಕ್ಷೆ ಮಾಡಿತು. ಆಮೇಲೆ ಪೂರ್ತಿ ಮೇಷ್ಟ್ರು ಬಂದರು.

"ನಮ್ಮ ಸೂರಿಗೆ ಯಾವಾಗಮ್ಮಾ ಬರೋದು?"

ಹಂಚಮ್ಮ ಕೈಯೆತ್ತಿ ಮುಗಿದರು. ಆಮೇಲೆ ಏಣಿಯ ಮೆಟ್ಟಿಲ ಮೇಲೆ ಕೂತರು.

"ಎಲ್ಲರೂ ಅಷ್ಟು ಹೊಗಳ್ತಾರಲ್ಲ, ಹೇಗಿದೆ ಆ ಪರಿಮಳ? ಇಷ್ಟು ದಿನ ಕೇಳೋ ಹಾಗೇ ಇರ್ಲಿಲ್ಲ."

ಹದಿನಾಲ್ಕು ವರ್ಷ ಮಾತಿನಲ್ಲೇ ಸೆಂಟು ಮಾರಿದ ಅಳಿಯನಿಗೆ ಆ ಹಳೆಯ ಮಾತು ಯಾವುದೂ ಸರಿಬರಲಿಲ್ಲ. ಅವನ ಮಗಳಿಗೆ ಐದು ವರ್ಷ. ಅಜ್ಜಿಯ ಜ್ವರ ಆರು ವರ್ಷದ ಹಿಂದಿನದು. ಮೊಮ್ಮಗಳ ಪರಿಮಳ ಅಜ್ಜಿಗೆ ಒಂದು ಸಲವೂ ಸಿಕ್ಕಿಲ್ಲವೆಂಬ ಲೆಕ್ಕ ಆಗ ಅವನ ತಲೆಗೆ ಹೊಳೆಯಿತು.

"ನಿಮ್ಮ ಮೊಮ್ಮಗಳು ಕಿತ್ತಳೆ ತಿಂದು, ಕೈ ತೊಳೀದೆ ಓಡಿಬಂದು, ನಿಮ್ಮ ಎರಡೂ ಕೆನ್ನೆ ಹಿಡ್ಕೊಳ್ತಾಳಲ್ಲ ಅತ್ತೆ, ಹಾಗಿದೆ."

ಹಂಚಮ್ಮ ಕೈಗವಸು ತೆಗೆದು ಕೆನ್ನೆ ಮುಟ್ಟಿಕೊಂಡರು. ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡರು.

"ಚೆನ್ನಾಗಿದೆ" ಎಂದರು. ಈ ಸಲ ಅವರು ಅವನ ಮುಖ ನೋಡಿರಲಿಲ್ಲ.